ಮುಖದಲ್ಲಿ ವರ್ಷಗಟ್ಟಲೆ ಉಳಿಯುವ ಫಿಲ್ಲರ್: ಓದುಗರ ಪ್ರಶ್ನೆ, ಚರ್ಮವೈದ್ಯರ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಫಿಲ್ಲರ್, ಎಂದರೆ ಮುಖದ ಗೆರೆ ಮತ್ತು ತಗ್ಗುಗಳನ್ನು ಒಳಗಿನಿಂದ ತುಂಬುವ ಚುಚ್ಚುಮದ್ದಿನ ಕುರಿತಾಗಿವೆ. ಅವುಗಳಲ್ಲಿಯೂ ಒಮ್ಮೆ ಹಾಕಿಸಿದರೆ ವರ್ಷಗಟ್ಟಲೆ ಇರುತ್ತದೆ ಎಂದು ಹೇಳಲಾಗುವ ಕೃತಕ ಫಿಲ್ಲರ್‌ಗಳ ಬಗ್ಗೆಯೇ ಕೇಳಿದವರು ಬಹಳ. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ನನಗೆ 46 ವರ್ಷ, ಶಾಲಾ ಶಿಕ್ಷಕಿ. ಮೂಗಿನ ಎರಡೂ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆಗಳು ಆಳವಾಗಿವೆ. ಎರಡು ವರ್ಷಗಳ ಹಿಂದೆ ಹಯಲುರಾನಿಕ್ ಆಸಿಡ್ ಫಿಲ್ಲರ್ ಹಾಕಿಸಿಕೊಂಡಿದ್ದೆ, ವರ್ಷದೊಳಗೆ ಕರಗಿಹೋಯಿತು. ಈಗ ಒಂದು ಕ್ಲಿನಿಕ್‌ನವರು, ಪ್ರತಿ ವರ್ಷ ಹಣ ಸುರಿಯುವುದಕ್ಕಿಂತ ಶಾಶ್ವತ ಫಿಲ್ಲರ್ ಹಾಕಿಸಿಕೊಂಡು ಒಮ್ಮೆಗೇ ಮುಗಿಸಿಬಿಡಿ ಎನ್ನುತ್ತಿದ್ದಾರೆ. ಲೆಕ್ಕ ಸರಿಯೆನಿಸುತ್ತದೆ, ಆದರೆ ಧೈರ್ಯ ಬರುತ್ತಿಲ್ಲ.
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ರೊಕ್ಕವನ್ನಷ್ಟೇ ಲೆಕ್ಕ ಹಿಡಿದರೆ ಅವರ ಮಾತು ತಪ್ಪಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಖಾನೆಯನ್ನು ಬಿಟ್ಟಿದ್ದಾರೆ: ಹಾಕಿದ್ದು ಹೊಂದದೆ ಹೋದರೆ ತೆಗೆಯುವ ದಾರಿ ಯಾವುದು ಎಂಬುದನ್ನು ಅವರು ನಿಮಗೆ ಹೇಳಿಲ್ಲ. ನೀವು ಮೊದಲು ಹಾಕಿಸಿಕೊಂಡ ಹಯಲುರಾನಿಕ್ ಆಸಿಡ್ ನಮ್ಮ ಚರ್ಮದಲ್ಲಿ ಸಹಜವಾಗಿಯೇ ಇರುವ ವಸ್ತು. ಹಾಕಿದ ಜಾಗಕ್ಕೆ ತಕ್ಕಂತೆ ಅದರ ಪರಿಣಾಮ ಸಾಮಾನ್ಯವಾಗಿ 6ರಿಂದ 18 ತಿಂಗಳು ಇರುತ್ತದೆ. ಗಂಟು ಕಟ್ಟಿದರೆ ಅಥವಾ ರಕ್ತನಾಳಕ್ಕೆ ಅಡ್ಡ ಬಂದರೆ ಹಯಲುರೊನಿಡೇಸ್ ಎಂಬ ಕಿಣ್ವವನ್ನು ಚುಚ್ಚಿ ಅದನ್ನು ಕರಗಿಸಬಹುದು. ಕೃತಕವಾದ ದೀರ್ಘಕಾಲದ ಫಿಲ್ಲರ್‌ಗಳನ್ನು ಹೀಗೆ ಕರಗಿಸುವ ಔಷಧ ಯಾವುದೂ ಇಲ್ಲ.

ಇನ್ನು, ಶಾಶ್ವತವೆಂದು ಅವರು ಕರೆಯುತ್ತಿರುವುದು ಯಾವ ವಸ್ತು ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು, ಏಕೆಂದರೆ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳು ಈ ಹೆಸರಿನಲ್ಲಿ ಮಾರಾಟವಾಗುತ್ತವೆ. ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್ ಎಂಬುದು ತಾನೇ ಕರಗುವ ಹೊಲಿಗೆ ದಾರಗಳ ಜಾತಿಗೆ ಸೇರಿದ್ದು; ಎಚ್ಐವಿ ಪೀಡಿತರ ಗುಳಿಬಿದ್ದ ಕೆನ್ನೆಗಳಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದಕ್ಕೆ 2004ರಲ್ಲಿ ಒಪ್ಪಿಗೆ ಕೊಟ್ಟಿತು, ಸೌಂದರ್ಯ ಚಿಕಿತ್ಸೆಗೆ 2009ರಲ್ಲಿ ಕೊಟ್ಟಿತು. ಅದು ಹಾಕಿದ ದಿನವೇ ಗುಳಿಯನ್ನು ತುಂಬುವುದಿಲ್ಲ. ಚರ್ಮವು ತನಗೆ ಬಿಗಿ ಕೊಡುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ತಾನೇ ಕಟ್ಟಿಕೊಳ್ಳುವಂತೆ ತಿಂಗಳುಗಟ್ಟಲೆ ಪ್ರಚೋದಿಸುತ್ತದೆ, ಕೆಲವು ಬಾರಿ ಹಾಕಿಸಿಕೊಳ್ಳಬೇಕಾಗುತ್ತದೆ, ಪರಿಣಾಮ ಸುಮಾರು ಎರಡು ವರ್ಷ ಇರುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್ ಎಂಬುದು ಎಲುಬು ಮತ್ತು ಹಲ್ಲಿನಲ್ಲಿರುವ ಖನಿಜದ ಸಣ್ಣ ಗೋಲಿಗಳನ್ನು ಜೆಲ್‌ನಲ್ಲಿ ತೇಲಿಸಿಟ್ಟ ಔಷಧ. ಅದು ಒಂದರಿಂದ ಒಂದೂವರೆ ವರ್ಷ ಉಳಿಯುತ್ತದೆ. ಈ ಎರಡನ್ನೂ ದೇಹ ನಿಧಾನವಾಗಿ ಒಡೆದು ಹೊರಹಾಕುವುದರಿಂದ ಇವು ದೀರ್ಘಕಾಲದವು ಹೌದು, ಶಾಶ್ವತವಲ್ಲ.

ನಿಜವಾಗಿ ಉಳಿದುಬಿಡುವುದು ಪಿಎಂಎಂಎ, ಎಂದರೆ ಪಾಲಿಮೀಥೈಲ್ ಮೆಥಾಕ್ರಿಲೇಟ್. ವೈದ್ಯಕೀಯಕ್ಕೆ ಇದು ಹೊಸದೇನಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಅವರು 1949ರ ನವೆಂಬರ್‌ನಲ್ಲಿ ಕಣ್ಣಿನೊಳಗೆ ಕೂರಿಸಿದ ಮೊದಲ ಕೃತಕ ಮಸೂರ ಇದರಿಂದಲೇ ಆದದ್ದು; ಕೀಲು ಬದಲಿಸುವಾಗ ಬಳಸುವ ಎಲುಬಿನ ಸಿಮೆಂಟ್ ಇದೇ; ನಿಮ್ಮ ಮನೆಯ ಹಿರಿಯರ ಕಟ್ಟುಹಲ್ಲಿನ ಗುಲಾಬಿ ಬಣ್ಣದ ವಸಡು ಕೂಡ ಬಹುಮಟ್ಟಿಗೆ ಇದೇ. ಫಿಲ್ಲರ್‌ನಲ್ಲಿ ಇದರ 30ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಗಾತ್ರದ ನುಣುಪು ಗೋಲಿಗಳು ಐದರಲ್ಲಿ ಒಂದು ಪಾಲು ಇದ್ದು, ಉಳಿದ ನಾಲ್ಕು ಪಾಲು ದನದ ಕೊಲಾಜೆನ್ ಜೆಲ್ ಇರುತ್ತದೆ. ಹೊರಗಿನ ಕಣಗಳನ್ನು ನುಂಗಿ ತೆಗೆಯುವ ನಮ್ಮ ರಕ್ಷಣಾ ಕೋಶಗಳಿಗೆ ಇಷ್ಟು ದೊಡ್ಡ ಗೋಲಿಯನ್ನು ನುಂಗಲಾಗುವುದಿಲ್ಲ, ಆದ್ದರಿಂದ ದೇಹವು ಪ್ರತಿಯೊಂದು ಗೋಲಿಯ ಸುತ್ತ ನಾರು ಹೆಣೆದು ಅದನ್ನು ಅಲ್ಲಿಯೇ ಕಟ್ಟಿಹಾಕುತ್ತದೆ. ಜೆಲ್ ಕೆಲವು ತಿಂಗಳಲ್ಲಿ ಕರಗಿ ಹೋಗುತ್ತದೆ, ನಾರು ಮತ್ತು ಗೋಲಿ ಉಳಿಯುತ್ತವೆ.

ಇದು ನಕಲಿ ಔಷಧವೆಂದು ನಾನು ಹೇಳುತ್ತಿಲ್ಲ. ನೀವು ಕೇಳಿರುವ ಈ ಗೆರೆಗಳಿಗೇ ಎಫ್‌ಡಿಎ 2006ರಲ್ಲಿ ಇದನ್ನು ಒಪ್ಪಿದೆ. ಆಮೇಲೆ 1,008 ಜನರನ್ನು ಐದು ವರ್ಷ ಗಮನಿಸಿದ ಅಧ್ಯಯನದಲ್ಲಿ ಶೇ. 1.7ರಷ್ಟು ಜನರಿಗೆ ಗ್ರ್ಯಾನ್ಯುಲೋಮಾ, ಎಂದರೆ ಉರಿಯೂತದ ಗಟ್ಟಿ ಗಂಟು, ಕಾಣಿಸಿಕೊಂಡಿತು. ಸಾವಿರಕ್ಕೆ ಹದಿನೇಳು ಎಂದರೆ ದೊಡ್ಡ ಸಂಖ್ಯೆಯಲ್ಲ, ಒಪ್ಪೋಣ. ಆದರೆ ಅದು ತರಬೇತಿ ಪಡೆದ ವೈದ್ಯರು, ಗೊತ್ತಿರುವ ಒಂದೇ ಉತ್ಪನ್ನವನ್ನು, ಪರೀಕ್ಷೆ ಮಾಡಿ ಹಾಕಿದಾಗ ಬಂದ ಸಂಖ್ಯೆ. ಪೆಟ್ಟಿಗೆಯನ್ನು ತೋರಿಸದೆ ಹಾಕುವ ಹೆಸರಿಲ್ಲದ ಸಿರಿಂಜಿಗೆ ಇದೇ ಸಂಖ್ಯೆಯನ್ನು ಎತ್ತಿ ಹೇಳುವುದು ಸರಿಯಲ್ಲ.

ನನ್ನನ್ನು ಹೆಚ್ಚು ಹಿಂಜರಿಯುವಂತೆ ಮಾಡುವುದು ಇನ್ನೊಂದು ಸಂಗತಿ. ಮುಖ ನಿಂತಲ್ಲಿ ನಿಲ್ಲುವುದಿಲ್ಲ. ನಲವತ್ತೈದರಿಂದ ಅರವತ್ತೈದರ ನಡುವೆ ಕೆನ್ನೆಯ ಕೊಬ್ಬು ಇಳಿಯುತ್ತದೆ, ದವಡೆಯ ಮತ್ತು ಕಣ್ಣಿನ ಸುತ್ತಲಿನ ಎಲುಬು ಸವೆಯುತ್ತದೆ, ಚರ್ಮ ತೆಳುವಾಗುತ್ತದೆ. ಇಂದು ಗೆರೆಯ ಕೆಳಗೆ ಸರಿಯಾಗಿ ಕೂತ ಫಿಲ್ಲರ್, ಸುತ್ತಲಿನದೆಲ್ಲ ಇಳಿದ ಮೇಲೆ ಉಬ್ಬಾಗಿ ಎದ್ದು ಕಾಣಬಹುದು. ವರ್ಷಕ್ಕೊಮ್ಮೆ ಕರಗುವ ಫಿಲ್ಲರ್ ಆದರೆ ಮುಖ ಬದಲಾದಂತೆ ಅಳತೆಯನ್ನೂ ಜಾಗವನ್ನೂ ಬದಲಿಸುವ ಅವಕಾಶ ಇರುತ್ತದೆ. ನೀವು ಕೊರತೆಯೆಂದು ಎಣಿಸಿರುವ ಗುಣವೇ ವೈದ್ಯರ ಕೈಗೆ ಅನುಕೂಲ.

ಮಾತು ಪಾಲಿಅಕ್ರಿಲಮೈಡ್ ಜೆಲ್‌ನತ್ತ ಹೋದರೆ ಇನ್ನಷ್ಟು ಎಚ್ಚರ ಬೇಕು. ಬಹುಪಾಲು ನೀರೇ ಇರುವ ಈ ಜೆಲ್ ವರ್ಷಗಳ ನಂತರವೂ ಸೋಂಕಿಗೆ ತಾಣವಾಗುವುದುಂಟು, ಜಾಗ ಬಿಟ್ಟು ಸರಿಯುವುದೂ ಉಂಟು. ಚೀನಾ 2006ರಲ್ಲಿ ತನ್ನಲ್ಲಿ ಇದರ ಬಳಕೆಯನ್ನೇ ನಿಲ್ಲಿಸಿತು. ದ್ರವ ಸಿಲಿಕಾನ್ ಎಂದು ಯಾರಾದರೂ ಹೇಳಿದರೆ ಚರ್ಚೆಗೆ ಕೂರದೆ ಎದ್ದು ಬನ್ನಿ.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ಹಿಂದಿನ ಫಿಲ್ಲರ್ ನಿಮಗೆ ಒಪ್ಪಿತ್ತಾದರೆ ಅದನ್ನೇ ಮತ್ತೆ ಹಾಕಿಸಿಕೊಳ್ಳಿ. ಆದರೆ ಈ ಗೆರೆಗಳು ಆಳವಾಗಲು ಅನೇಕ ವೇಳೆ ಕೆನ್ನೆ ಇಳಿದದ್ದೇ ಕಾರಣವಾಗಿರುತ್ತದೆ, ಆದ್ದರಿಂದ ಗೆರೆಗೆ ಚುಚ್ಚುವ ಮುನ್ನ ಕೆನ್ನೆಯನ್ನು ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ. ಹೆಚ್ಚು ಕಾಲ ಉಳಿಯುವುದೇ ಬೇಕೆಂದಿದ್ದರೆ ಮೇಲೆ ಹೇಳಿದ ಕರಗುವ ಎರಡರಲ್ಲಿ ಒಂದನ್ನು ಅನುಭವಿ ಚರ್ಮವೈದ್ಯರಿಂದ ಅಥವಾ ಪ್ಲಾಸ್ಟಿಕ್ ಸರ್ಜನ್ ಅವರಿಂದ ಹಾಕಿಸಿಕೊಳ್ಳಬಹುದು. ಪಿಎಂಎಂಎಯನ್ನು ನಾನಾಗಿ ನಿಮಗೆ ಸೂಚಿಸುವುದಿಲ್ಲ.

ಪ್ರಶ್ನೆ: ನಮ್ಮದು ಲಿಂಗಾಯತ ಮನೆತನ, ಮಾಂಸ ಮುಟ್ಟುವವರಲ್ಲ. ಕೆಲವು ಫಿಲ್ಲರ್‌ಗಳಲ್ಲಿ ದನದ ಅಂಶ ಇರುತ್ತದೆ ಎಂದು ಕೇಳಿದೆ. ಕ್ಲಿನಿಕ್‌ನಲ್ಲಿ ಕೇಳಿದರೆ ಅಲ್ಲಿದ್ದವರು ನಕ್ಕರು. ಇದು ನಿಜವೆ?
(ಮುಂಡರಗಿ, ಗದಗ ಜಿಲ್ಲೆ)

ಉತ್ತರ: ನಗುವಂಥದ್ದು ಏನೂ ಇಲ್ಲ; ನಿಮ್ಮ ಪ್ರಶ್ನೆ ಆಚಾರಕ್ಕೂ ಆರೋಗ್ಯಕ್ಕೂ ಸಂಬಂಧಿಸಿದ್ದು. ಪಿಎಂಎಂಎ ಫಿಲ್ಲರ್‌ನ ಜೆಲ್ ದನದ ಚರ್ಮದಿಂದ ತೆಗೆದ ಕೊಲಾಜೆನ್ ಎಂಬುದು ನಿಜ. ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಪಡೆದ ಮೊದಲ ಕೊಲಾಜೆನ್ ಫಿಲ್ಲರ್ ಕೂಡ ದನದ್ದೇ ಆಗಿತ್ತು ಮತ್ತು ನೂರಕ್ಕೆ ಸುಮಾರು ಮೂರು ಜನರಿಗೆ ಅದು ಅಲರ್ಜಿ ತರುತ್ತಿತ್ತು. ಈ ಕಾರಣಕ್ಕೆ ಪಿಎಂಎಂಎ ಫಿಲ್ಲರ್ ಹಾಕುವ ಮುನ್ನ ಮುಂಗೈ ಒಳಬದಿಗೆ ಸ್ವಲ್ಪ ಕೊಲಾಜೆನ್ ಚುಚ್ಚಿ ನಾಲ್ಕು ವಾರ ಕಾಯಬೇಕೆಂಬ ನಿಯಮವಿದೆ. ಬಂದ ದಿನವೇ ಹಾಕಿ ಕಳಿಸುತ್ತೇವೆ ಎನ್ನುವವರು ಒಂದೋ ಆ ನಿಯಮವನ್ನು ಮೀರುತ್ತಿದ್ದಾರೆ, ಇಲ್ಲವೇ ಹಾಕುತ್ತಿರುವುದು ಬೇರೇನನ್ನೋ. ಈಗ ಬಳಕೆಯಲ್ಲಿರುವ ಹಯಲುರಾನಿಕ್ ಆಸಿಡ್ ಫಿಲ್ಲರ್‌ಗಳನ್ನು ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ ಹುದುಗು ಕ್ರಮದಲ್ಲಿ ತಯಾರಿಸುತ್ತಾರೆ. ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್ ಹಾಗೂ ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್ ಪೂರ್ಣ ಕೃತಕ. ಇವುಗಳಿಗೆ ಚರ್ಮದ ಮುನ್ಪರೀಕ್ಷೆಯೂ ಬೇಕಾಗುವುದಿಲ್ಲ.

ಪ್ರಶ್ನೆ: ನನಗೆ 24 ವರ್ಷ. ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಎರಡೂ ಕೆನ್ನೆಯಲ್ಲಿ ಮೊಡವೆಯ ಗುಳಿಗಳಿವೆ, ಈಗಲೂ ಆಗಾಗ ಮೊಡವೆ ಏಳುತ್ತದೆ. ಸಂದರ್ಶನಕ್ಕೆ ಹೋಗುವುದರೊಳಗೆ ಶಾಶ್ವತ ಫಿಲ್ಲರ್ ಹಾಕಿಸಿಕೊಂಡರೆ ಗುಳಿ ಪೂರ್ತಿ ಮುಚ್ಚುತ್ತದೆಯೆ? ಎದೆಯ ಮೇಲೆ ಹಳೆಯ ಗಾಯವೊಂದು ಗಂಟಾಗಿ ಬೆಳೆದಿದೆ, ಅದಕ್ಕೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ.
(ಧಾರವಾಡ)

ಉತ್ತರ: ಸಂಬಂಧವಿದೆ, ಅದೂ ಬಹಳ ಇದೆ, ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಸಂಗತಿಯನ್ನು ನೀವು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಗಾಯ ಮಾಯ್ದ ಮೇಲೆಯೂ ಉಬ್ಬಿ ಬೆಳೆಯುವ ಆ ಗಂಟು ಕೀಲಾಯ್ಡ್ ಆಗಿರುವ ಸಂಭವ ಹೆಚ್ಚು. ಹಾಗೆ ಕೀಲಾಯ್ಡ್ ಆಗುವ ಸ್ವಭಾವದ ಚರ್ಮಕ್ಕೆ ಪಿಎಂಎಂಎ ಫಿಲ್ಲರ್ ಹಾಕಬಾರದೆಂದು ಅದರ ಬಳಕೆಯ ಸೂಚನೆಯಲ್ಲಿಯೇ ಇದೆ. ಎಫ್‌ಡಿಎ 2014ರಲ್ಲಿ ಕೆನ್ನೆಯ ಮೊಡವೆ ಗುಳಿಗಳಿಗೆ ಇದನ್ನು ಒಪ್ಪಿತೆಂಬುದನ್ನು ಯಾರಾದರೂ ನಿಮಗೆ ತೋರಿಸಿದರೆ, ಅದರ ಜೊತೆಗೇ ಇರುವ ಈ ನಿಷೇಧವನ್ನೂ ಓದಿಸಿ ಎಂದು ಕೇಳಿ.

ಅದಿಲ್ಲದಿದ್ದರೂ ಎಲ್ಲ ಗುಳಿಗಳೂ ಫಿಲ್ಲರ್‌ಗೆ ಒಗ್ಗುವಂಥವಲ್ಲ. ಕನ್ನಡಿಯ ಮುಂದೆ ನಿಂತು ಎರಡು ಬೆರಳಿನಿಂದ ಕೆನ್ನೆಯ ಚರ್ಮವನ್ನು ಎಳೆದು ನೋಡಿ. ಎಳೆದಾಗ ಮಾಯವಾಗುವ, ಅಂಚು ಮೆತ್ತಗಿರುವ ಅಗಲವಾದ ತಗ್ಗುಗಳು ತುಂಬುವುದಕ್ಕೆ ಬರುತ್ತವೆ. ಎಳೆದರೂ ಹಾಗೆಯೇ ಉಳಿಯುವ, ಸೂಜಿಯಿಂದ ಚುಚ್ಚಿದಂತೆ ಕಿರಿದಾಗಿ ಆಳಕ್ಕೆ ಇಳಿದ ಗುಳಿಗಳಿಗೆ ಫಿಲ್ಲರ್ ಹಾಕಿದರೆ ಸುತ್ತಲಿನ ಚರ್ಮ ಉಬ್ಬಿ ಗುಳಿ ಇನ್ನೂ ಎದ್ದು ಕಾಣುತ್ತದೆ. ಅಗಲವಾದ ತಗ್ಗಿನ ಕೆಳಗೆ ಚರ್ಮವನ್ನು ಒಳಕ್ಕೆ ಎಳೆದು ಹಿಡಿದಿರುವ ನಾರುಗಳಿರುತ್ತವೆ, ಅವುಗಳನ್ನು ಸೂಜಿಯಿಂದ ಬಿಡಿಸುವ ಸಬ್ಸಿಶನ್ ಎಂಬ ಸಣ್ಣ ಶಸ್ತ್ರಕ್ರಿಯೆ ಅನೇಕರಿಗೆ ಫಿಲ್ಲರ್‌ಗಿಂತ ಹೆಚ್ಚು ಗುಣ ಕೊಡುತ್ತದೆ. ಕಿರಿದಾದ ಆಳದ ಗುಳಿಗಳ ತಳಕ್ಕೆ ಟ್ರೈಕ್ಲೋರೊಅಸೆಟಿಕ್ ಆಸಿಡ್ ಮುಟ್ಟಿಸುತ್ತಾರೆ, ಅಥವಾ ಗುಳಿಯನ್ನೇ ಕತ್ತರಿಸಿ ತೆಗೆದು ಹೊಲಿಯುತ್ತಾರೆ. ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೊನೀಡ್ಲಿಂಗ್ ಮತ್ತು ಚುಕ್ಕೆ ಚುಕ್ಕೆಯಾಗಿ ಬೆಳಕು ಹಾಯಿಸುವ ಫ್ರ್ಯಾಕ್ಷನಲ್ ಲೇಸರ್ ಕೂಡ ಇವೆ, ಆದರೆ ನಮ್ಮ ಕಡೆಯ ಕಂದು ಚರ್ಮಕ್ಕೆ ಲೇಸರ್ ಆದ ಮೇಲೆ ಕೆಲವು ವಾರ ಅಥವಾ ತಿಂಗಳು ಕಪ್ಪು ಕಲೆ ಉಳಿಯುವ ಸಂಭವವಿರುವುದರಿಂದ ಸನ್‌ಸ್ಕ್ರೀನ್ ಹಚ್ಚದೆ ಬಿಸಿಲಿನಲ್ಲಿ ತಿರುಗುವವರು ಅದಕ್ಕೆ ಕೈ ಹಾಕಬಾರದು. ಕೀಲಾಯ್ಡ್ ಸ್ವಭಾವವಿದ್ದರೆ ಇವುಗಳಲ್ಲಿ ಯಾವುದು ಯೋಗ್ಯ ಎಂಬುದನ್ನು ನಿಮ್ಮ ಎದೆಯ ಗಂಟನ್ನು ಕಂಡ ವೈದ್ಯರೇ ನಿರ್ಧರಿಸಬೇಕು, ಆದ್ದರಿಂದ ಅಂಗಿ ಬಿಚ್ಚಿ ತೋರಿಸಲು ಸಂಕೋಚಪಡಬೇಡಿ.

ಇದೆಲ್ಲಕ್ಕೂ ಮೊದಲು ಈಗ ಏಳುತ್ತಿರುವ ಮೊಡವೆಯನ್ನು ಹತೋಟಿಗೆ ತರಬೇಕು. ಹಳೆಯ ಗುಳಿಗೆ ಖರ್ಚು ಮಾಡುತ್ತ ಹೊಸ ಗುಳಿ ಬೀಳಲು ಬಿಡುವುದರಲ್ಲಿ ಅರ್ಥವಿಲ್ಲ. ಗುಳಿ ಪೂರ್ತಿ ಮುಚ್ಚುತ್ತದೆ ಎಂಬ ಭರವಸೆಯನ್ನು ಯಾವ ಪ್ರಾಮಾಣಿಕ ವೈದ್ಯರೂ ಕೊಡಲಾರರು. ಅರ್ಧಕ್ಕಿಂತ ಹೆಚ್ಚು ಸುಧಾರಿಸಿದರೆ ಒಳ್ಳೆಯ ಫಲವೆಂದೇ ನಾವು ಎಣಿಸುತ್ತೇವೆ. ಸಂದರ್ಶನದಲ್ಲಿ ಕೂತವರು ನಿಮ್ಮ ಕೆನ್ನೆಗೆ ಅಂಕ ಹಾಕುವುದಿಲ್ಲ ಎಂಬುದನ್ನು ವೈದ್ಯನಾಗಿ ಅಲ್ಲದಿದ್ದರೂ ಹಿರಿಯನಾಗಿ ಹೇಳಬಯಸುತ್ತೇನೆ.

ಪ್ರಶ್ನೆ: ಮೂಗಿಗೆ ಫಿಲ್ಲರ್ ಹಾಕಿಸಿಕೊಂಡು ಒಬ್ಬರ ಕಣ್ಣು ಹೋಯಿತೆಂಬ ವಿಡಿಯೊ ನೋಡಿದೆ. ಮೂಗಿಗೂ ಕಣ್ಣಿಗೂ ಏನು ಸಂಬಂಧ? ನಮ್ಮ ಊರಿನಲ್ಲಿಯೂ ಈಗ ಫಿಲ್ಲರ್ ಹಾಕುವವರು ಬಂದಿದ್ದಾರೆ.
(ಹಾವೇರಿ)

ಉತ್ತರ: ಅಪರೂಪ, ಆದರೆ ಸುಳ್ಳಲ್ಲ. ಮೂಗಿನ ಮೇಲೆ, ಹುಬ್ಬುಗಳ ನಡುವೆ ಮತ್ತು ಹಣೆಯಲ್ಲಿ ಹರಿಯುವ ಸಣ್ಣ ಅಪಧಮನಿಗಳು ಕಣ್ಣಿಗೆ ರಕ್ತ ಕೊಡುವ ಅಪಧಮನಿಯೊಡನೆ ಕೂಡಿಕೊಂಡಿವೆ. ಸೂಜಿಯ ತುದಿ ಇಂಥ ನಾಳದೊಳಗೆ ಹೊಕ್ಕಿರುವಾಗ ಸಿರಿಂಜನ್ನು ಜೋರಾಗಿ ಒತ್ತಿದರೆ, ಆ ಒತ್ತಡಕ್ಕೆ ಫಿಲ್ಲರ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ನುಗ್ಗುತ್ತದೆ. ಒತ್ತುವುದನ್ನು ಬಿಟ್ಟ ಕೂಡಲೇ ರಕ್ತವು ಅದನ್ನು ಮುಂದಕ್ಕೆ ತಳ್ಳಿ ಕಣ್ಣಿನ ಅಕ್ಷಿಪಟಲದ (ರೆಟಿನಾ) ನಾಳಕ್ಕೆ ಒಯ್ಯಬಹುದು. ರಕ್ತವಿಲ್ಲದೆ ಅಕ್ಷಿಪಟಲ ತಾಳಿಕೊಳ್ಳುವುದು ಸುಮಾರು ಒಂದೂವರೆ ಗಂಟೆ ಮಾತ್ರ. ಹಾವೇರಿಯಿಂದ ಹುಬ್ಬಳ್ಳಿಯ ದೊಡ್ಡ ಕಣ್ಣಿನ ಆಸ್ಪತ್ರೆಗೆ ಸುಮಾರು 75 ಕಿಲೋಮೀಟರ್ ಇದೆ, ಅಂದರೆ ಗಾಡಿ ಹುಡುಕಿ, ಹೆದ್ದಾರಿ ಹಿಡಿದು, ಆಸ್ಪತ್ರೆಯ ಬಾಗಿಲು ಮುಟ್ಟುವುದರೊಳಗೆ ಆ ಅವಧಿ ಮುಗಿದಿರುತ್ತದೆ. ಮೂಗು, ಹಣೆ ಮತ್ತು ಹುಬ್ಬಿನ ನಡುವಿನ ಜಾಗಕ್ಕೆ ಫಿಲ್ಲರ್ ಹಾಕಿಸಿಕೊಳ್ಳಲೇಬೇಕೆ ಎಂದು ಎರಡು ಬಾರಿ ಯೋಚಿಸಿ ಎನ್ನುವುದು ಇದಕ್ಕಾಗಿಯೇ.

ಚರ್ಮಕ್ಕೆ ಹೋಗುವ ನಾಳ ಕಟ್ಟಿಕೊಳ್ಳುವುದು ಇದಕ್ಕಿಂತ ಹೆಚ್ಚು ಸಲ ಕಾಣುವ ತೊಂದರೆ. ಚುಚ್ಚಿದ ಕೂಡಲೇ ಆ ಭಾಗ ಬಿಳಿಚಿಕೊಳ್ಳುವುದು, ಸಹಿಸಲಾರದ ನೋವು, ಆಮೇಲೆ ಬಲೆ ಹೆಣೆದಂತೆ ನೀಲಿಗೆಂಪು ಗೆರೆ ಮೂಡುವುದು, ಮರುದಿನ ಗುಳ್ಳೆ ಏಳುವುದು ಇದರ ಲಕ್ಷಣಗಳು. ಹಯಲುರಾನಿಕ್ ಆಸಿಡ್ ಆಗಿದ್ದರೆ ಕರಗಿಸುವ ಕಿಣ್ವವನ್ನು ದೊಡ್ಡ ಪ್ರಮಾಣದಲ್ಲಿ, ಗಂಟೆಗಳೊಳಗೆ ಚುಚ್ಚಿ ಚರ್ಮವನ್ನು ಉಳಿಸಿಕೊಳ್ಳಬಹುದು. ಕಣ್ಣಿನ ವಿಷಯದಲ್ಲಿ ಮಾತ್ರ ಅದರಿಂದಲೂ ದೃಷ್ಟಿ ಮರಳುವ ಭರವಸೆ ಇಲ್ಲ. ಪಿಎಂಎಂಎ ಅಥವಾ ಕ್ಯಾಲ್ಸಿಯಂ ಗೋಲಿ ನಾಳದೊಳಗೆ ಹೋದರೆ ಅವುಗಳನ್ನು ಕರಗಿಸುವುದು ಸಾಧ್ಯವಿಲ್ಲ. ಫಿಲ್ಲರ್ ಹಾಕುವವರನ್ನು ಹೀಗೆ ಕೇಳಿ: ರಕ್ತನಾಳ ಕಟ್ಟಿಕೊಂಡರೆ ನೀವು ಮೊದಲ ಹತ್ತು ನಿಮಿಷದಲ್ಲಿ ಏನು ಮಾಡುತ್ತೀರಿ, ಕರಗಿಸುವ ಕಿಣ್ವ ಈ ಕೋಣೆಯಲ್ಲಿ ಇದೆಯೆ, ಅದನ್ನು ತೋರಿಸುತ್ತೀರಾ? ಇದಕ್ಕೆ ಸಿಟ್ಟಾಗುವವರ ಕೈಗೆ ಮುಖ ಕೊಡಬೇಡಿ.

ಪ್ರಶ್ನೆ: ನಮ್ಮ ಅಕ್ಕ ನಾಲ್ಕು ವರ್ಷಗಳ ಹಿಂದೆ ಬ್ಯೂಟಿ ಪಾರ್ಲರ್ ಒಂದರಲ್ಲಿ ಕೆನ್ನೆ ತುಂಬಲು ಎಂದು ಚುಚ್ಚುಮದ್ದು ಹಾಕಿಸಿಕೊಂಡರು. ಹೊರಊರಿನಿಂದ ಬಂದ ಒಬ್ಬರು ಹಾಕಿ ಹೋದರು, ಚೀಟಿಯಾಗಲಿ ರಸೀದಿಯಾಗಲಿ ಇಲ್ಲ. ಚೆನ್ನಾಗಿಯೇ ಇತ್ತು. ಆರು ತಿಂಗಳಿಂದ ಎರಡೂ ಕೆನ್ನೆಯಲ್ಲಿ ಗಟ್ಟಿ ಗಂಟುಗಳು ಕೈಗೆ ಸಿಗುತ್ತಿವೆ, ನೆಗಡಿ ಜ್ವರ ಬಂದಾಗ ಕೆಂಪಾಗಿ ಬಾಯುತ್ತವೆ. ಔಷಧ ಅಂಗಡಿಯವರು ಕೊಟ್ಟ ಗುಳಿಗೆ ನುಂಗಿದರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಮನೆಯಲ್ಲಿ ಭಾವನವರಿಗೆ ಹೇಳಿಲ್ಲ. ಏನು ಮಾಡಬೇಕು?
(ಬೆಟಗೇರಿ, ಗದಗ)

ಉತ್ತರ: ಔಷಧ ಅಂಗಡಿಯಿಂದ ತರುವ ಆ ಗುಳಿಗೆಯ ಪಟ್ಟಿಯನ್ನು ತೆಗೆದು ಹೆಸರು ನೋಡಿ. ನೀವು ಬರೆದ ಲಕ್ಷಣ ನೋಡಿದರೆ ಅದು ಸ್ಟಿರಾಯ್ಡ್ ಇರಬೇಕು. ಆದರೆ ತಿಂಗಳುಗಟ್ಟಲೆ ನುಂಗಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸಬಾರದು, ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಕ್ಕನನ್ನು ಚರ್ಮವೈದ್ಯರಲ್ಲಿಗೆ ಕರೆದೊಯ್ಯಿರಿ. ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ಹೇಳಿದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಹೋಗಬಹುದು. ಕೆನ್ನೆ ಬಿಸಿಯಾಗಿ ಮಿಡಿಯುವುದು, ಕೀವು, ಚಳಿಜ್ವರ ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಅಂದೇ ಹೊರಡಿ. ಅಲ್ಲಿಯವರೆಗೆ ಗಂಟನ್ನು ಹಿಸುಕುವುದು, ಬಿಸಿ ಕೊಟ್ಟು ತಿಕ್ಕುವುದು ಬೇಡ.

ವೈದ್ಯರು ಮೊದಲು ಎರಡು ಪ್ರಶ್ನೆ ಬಿಡಿಸಬೇಕಾಗುತ್ತದೆ: ಒಳಗಿರುವುದು ಏನು, ಮತ್ತು ಸೋಂಕು ಇದೆಯೆ. ಕೃತಕ ಫಿಲ್ಲರ್ ಮೇಲೆ ಬ್ಯಾಕ್ಟೀರಿಯಾಗಳು ತೆಳುಪೊರೆ ಕಟ್ಟಿಕೊಂಡು ವರ್ಷಗಟ್ಟಲೆ ಸುಮ್ಮನೆ ಕೂತು, ದೇಹ ಬೇರೆ ಜ್ವರದಲ್ಲಿರುವಾಗ ಅಥವಾ ಹಲ್ಲಿನ ಚಿಕಿತ್ಸೆಯ ನಂತರ ಕೆರಳುವುದುಂಟು. ಶುಚಿಯಿಲ್ಲದೆ ಚುಚ್ಚಿದ್ದರೆ ಕ್ಷಯದ ರೋಗಾಣುವಿನ ದಾಯಾದಿಗಳಾದ ಬೇರೆ ಮೈಕೊಬ್ಯಾಕ್ಟೀರಿಯಾಗಳು ಸೇರಿಕೊಂಡಿರಬಹುದು, ಅವುಗಳಿಗೆ ತಿಂಗಳುಗಳ ಕಾಲ ಔಷಧ ಬೇಕಾಗುತ್ತದೆ, ಸಾಮಾನ್ಯ ಐದು ದಿನದ ಆ್ಯಂಟಿಬಯಾಟಿಕ್ ಸಾಲದು. ಸೋಂಕಿಲ್ಲದೆ ದೇಹವೇ ಹೊರವಸ್ತುವಿನ ಮೇಲೆ ಮುನಿದು ಕಟ್ಟಿದ ಗ್ರ್ಯಾನ್ಯುಲೋಮಾ ಕೂಡ ಆಗಿರಬಹುದು. ನೋಡಿದ ಮಾತ್ರಕ್ಕೆ ಇವುಗಳನ್ನು ಬೇರ್ಪಡಿಸಲಾಗುವುದಿಲ್ಲ. ಚರ್ಮದ ಅಲ್ಟ್ರಾಸೌಂಡ್‌ನಲ್ಲಿ ಬೇರೆ ಬೇರೆ ಫಿಲ್ಲರ್‌ಗಳು ಬೇರೆ ಬೇರೆಯಾಗಿ ಕಾಣುತ್ತವೆ. ಸಣ್ಣ ಚೂರು ತೆಗೆದು ಬಯಾಪ್ಸಿ ಮಾಡಿದರೆ ಸೂಕ್ಷ್ಮದರ್ಶಕದಲ್ಲಿ ಗೋಲಿಗಳ ಆಕಾರವೇ ಸುಳಿವು ಕೊಡುತ್ತದೆ. ಅದೇ ಚೂರಿನ ಒಂದು ಭಾಗವನ್ನು ರೋಗಾಣು ಬೆಳೆಯುತ್ತದೆಯೆ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆ.

ಸೋಂಕು ಇಲ್ಲವೆಂದು ಖಚಿತವಾದ ಮೇಲೆ ಗಂಟಿನೊಳಗೆ ಟ್ರೈಆಮ್ಸಿನೊಲೋನ್ ಎಂಬ ಸ್ಟಿರಾಯ್ಡನ್ನು, ಕೆಲವೊಮ್ಮೆ 5-ಫ್ಲೂರೊಯುರಾಸಿಲ್ ಎಂಬ ಇನ್ನೊಂದು ಔಷಧದ ಜೊತೆ ಸೇರಿಸಿ, ವಾರಗಳ ಅಂತರದಲ್ಲಿ ಚುಚ್ಚುತ್ತಾರೆ. ಪ್ರಮಾಣ ಹೆಚ್ಚಾದರೆ ಆ ಜಾಗ ತಗ್ಗಾಗಿ ಚರ್ಮ ತೆಳುವಾಗುತ್ತದೆ, ಆದ್ದರಿಂದ ಅವಸರ ಸಲ್ಲದು. ಕತ್ತರಿಸಿ ತೆಗೆಯುವುದು ಕೊನೆಯ ದಾರಿ. ಅದನ್ನು ಮೊದಲೇ ಮಾಡಬಾರದೆ ಎಂದು ಅನೇಕರು ಕೇಳುತ್ತಾರೆ. ಈ ವಸ್ತು ಒಂದು ಉಂಡೆಯಾಗಿ ಕೂತಿರುವುದಿಲ್ಲ, ಕೊಬ್ಬು ಮತ್ತು ನಾರಿನೊಳಗೆ ಹರಡಿಕೊಂಡಿರುತ್ತದೆ, ಪಕ್ಕದಲ್ಲಿಯೇ ಮುಖವನ್ನು ಆಡಿಸುವ ನರದ ಕವಲುಗಳು ಹಾದುಹೋಗಿರುತ್ತವೆ. ಪೂರ್ತಿ ತೆಗೆಯಲು ಹೋದರೆ ಗಾಯದ ಗುರುತಿನ ಜೊತೆಗೆ ಮುಖ ಸೊಟ್ಟಗಾಗುವ ಅಪಾಯವೂ ಇದೆ. ವಿಯೆನ್ನಾದ ರಾಬರ್ಟ್ ಗೆರ್ಸುನಿ ಎಂಬ ಶಸ್ತ್ರವೈದ್ಯರು 1899ರಲ್ಲಿ ಖನಿಜ ಎಣ್ಣೆಯ ಜೆಲ್ಲಿಯನ್ನು ದೇಹದಲ್ಲಿ ತುಂಬುವುದನ್ನು ಆರಂಭಿಸಿದಾಗಿನಿಂದ, ಪ್ಯಾರಫಿನ್ ಇರಲಿ ಸಿಲಿಕಾನ್ ಇರಲಿ, ಈ ಕಥೆ ಮತ್ತೆ ಮತ್ತೆ ನಡೆದಿದೆ: ಕೆಲವು ವರ್ಷ ಎಲ್ಲರೂ ಮೆಚ್ಚುತ್ತಾರೆ, ಆಮೇಲೆ ಗಂಟುಗಳು ಏಳುತ್ತವೆ. ಸಿಲಿಕಾನ್ ಚುಚ್ಚುವುದರ ಬಗ್ಗೆ ಎಫ್‌ಡಿಎ 2017ರಲ್ಲಿಯೂ ಎಚ್ಚರಿಕೆ ಹೊರಡಿಸಬೇಕಾಯಿತು. ಸೂಜಿಯಿಲ್ಲದೆ ಗಾಳಿಯ ಒತ್ತಡದಿಂದ ಫಿಲ್ಲರ್ ತೂರಿಸುವ ಪೆನ್ನುಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತಿದ್ದು, ಅವುಗಳ ವಿರುದ್ಧವೂ 2021ರಲ್ಲಿ ಅದೇ ಸಂಸ್ಥೆ ಎಚ್ಚರಿಸಿದೆ. ಪಾರ್ಲರ್‌ಗಳಲ್ಲಿ ಅದನ್ನು ಕಂಡರೆ ದೂರವಿರಿ.

ದೂರಿನ ವಿಷಯ. ಚುಚ್ಚುಮದ್ದಿನ ಫಿಲ್ಲರ್ ಹಾಕುವುದು ವೈದ್ಯಕೀಯ ಚಿಕಿತ್ಸೆ, ಅದನ್ನು ಮಾಡುವ ಜಾಗ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿಯಾಗಿರಬೇಕು. ಪಾರ್ಲರ್‌ಗೆ ಅಂಥ ನೋಂದಣಿ ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಡಿ. ಹಣ ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಗ್ರಾಹಕ ಆಯೋಗಕ್ಕೆ ಹೋಗಲು ಸಾಮಾನ್ಯವಾಗಿ ಎರಡು ವರ್ಷದ ಮಿತಿಯಿದ್ದರೂ ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ, ಗಂಟು ಈಗಷ್ಟೇ ಕಾಣಿಸಿಕೊಂಡಿರುವುದರಿಂದ ವಕೀಲರನ್ನು ಕೇಳಿ ನೋಡಿ. ರಸೀದಿ ಇಲ್ಲದಿದ್ದರೆ ಆಗ ಮೊಬೈಲಿನಿಂದ ಹಣ ಕಳಿಸಿದ ದಾಖಲೆ, ಮಾತುಕತೆಯ ಸಂದೇಶ, ಹಳೆಯ ಫೋಟೊ ಯಾವುದಿದ್ದರೂ ಅಳಿಸದೆ ಇಡಿ. ವೈದ್ಯಕೀಯ ಸಾಧನಗಳಿಂದಾದ ತೊಂದರೆಯನ್ನು ದಾಖಲಿಸಲು 2015ರಿಂದ ದೇಶದಲ್ಲಿ ಮೆಟೀರಿಯೋವಿಜಿಲೆನ್ಸ್ ಎಂಬ ಕಾರ್ಯಕ್ರಮವಿದೆ, ನಿಮ್ಮ ವೈದ್ಯರಿಂದ ಅಲ್ಲಿಗೆ ವರದಿ ಕಳಿಸಿರಿ. ಭಾವನವರಿಗೆ ಹೇಳುವುದು ಬಿಡುವುದು ಅಕ್ಕನಿಗೆ ಬಿಟ್ಟದ್ದು. ಆದರೆ ಚಿಕಿತ್ಸೆಗೆ ಹಲವು ತಿಂಗಳು ಬೇಕಾಗಬಹುದು, ಮುಖದ ಬಾವನ್ನು ಅಷ್ಟು ದಿನ ಮುಚ್ಚಿಡುವುದು ಕಷ್ಟ.

ಪ್ರಶ್ನೆ: ಕ್ಯಾಲ್ಸಿಯಂ ಫಿಲ್ಲರ್ ಹಾಕಿಸಿಕೊಂಡಿದ್ದೇನೆ. ಮುಂದೆ ಎಂಆರ್‌ಐ, ಎಕ್ಸ್‌ರೇಗಳಿಗೆ ತೊಂದರೆಯಾಗುತ್ತದೆಯೆ?
(ರಾಣೆಬೆನ್ನೂರು)

ಉತ್ತರ: ಅದರಲ್ಲಿ ಲೋಹವಿಲ್ಲ, ಎಂಆರ್‌ಐ ಮಾಡಿಸಬಹುದು. ಎಕ್ಸ್‌ರೇ ಮತ್ತು ಸಿಟಿಯಲ್ಲಿ ಅದು ಬಿಳಿಯಾಗಿ ಕಾಣುತ್ತದೆ, ಕ್ಯಾನ್ಸರ್ ಮುಂತಾದವನ್ನು ಹುಡುಕಲು ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ಹೊಳೆದು ರೋಗವಿರುವಂತೆ ಭ್ರಮೆ ಹುಟ್ಟಿಸಬಹುದು. ಹಲ್ಲಿನ ವೈದ್ಯರಿರಲಿ ಸ್ಕ್ಯಾನಿಂಗ್‌ನವರಿರಲಿ, ಫಿಲ್ಲರ್ ಇದೆ ಎಂದು ಮೊದಲೇ ಹೇಳಿಬಿಡಿ. ಪೆಟ್ಟಿಗೆಯಲ್ಲಿ ಬರುವ ಬ್ಯಾಚ್ ಸಂಖ್ಯೆಯ ಸ್ಟಿಕ್ಕರನ್ನು ಕೇಳಿ ಪಡೆದು ಕಡತದಲ್ಲಿ ಅಂಟಿಸಿಟ್ಟಿದ್ದರೆ ಇನ್ನೂ ಒಳ್ಳೆಯದು. ಆಮದು ಮಾಡಿದ ಫಿಲ್ಲರ್ ಆಗಿದ್ದರೆ 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಪರವಾನ ಸಂಖ್ಯೆ ಇರಲೇಬೇಕು.

ಪ್ರಶ್ನೆ: ಎರಡು ತಿಂಗಳಲ್ಲಿ ನನ್ನ ಮದುವೆ. ಕೆನ್ನೆ ಒಳಗೆ ಹೋಗಿವೆ. ಹೆಚ್ಚು ದಿನ ಉಳಿಯುವ ಫಿಲ್ಲರ್ ಹಾಕಿಸಿಕೊಳ್ಳಬೇಕೆಂದಿದ್ದೇನೆ. ನಮ್ಮದು ಮೆಣಸಿನಕಾಯಿ ವ್ಯಾಪಾರ, ಅಂಗಡಿಯಲ್ಲಿ ದಿನವಿಡೀ ಘಾಟು ಇರುತ್ತದೆ. ಪಥ್ಯವೇನಾದರೂ ಇದೆಯೆ?
(ಬ್ಯಾಡಗಿ)

ಉತ್ತರ: ತಂಗಿ, ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್‌ನ ಫಲ ಕಾಣಲು ಎರಡು ತಿಂಗಳು ಸಾಲದು, ಪಿಎಂಎಂಎಯ ಮುನ್ಪರೀಕ್ಷೆಗೇ ಅದರಲ್ಲಿ ಅರ್ಧ ಹೋಗುತ್ತದೆ. ಮದುವೆಗೆಂದು ಅವಸರದಲ್ಲಿ ದೀರ್ಘಕಾಲದ ವಸ್ತು ಬೇಡ. ಇತ್ತೀಚೆಗೆ ತೂಕ ಇಳಿದು ಕೆನ್ನೆ ಒಳಗೆ ಹೋಗಿದ್ದರೆ ಥೈರಾಯ್ಡ್, ರಕ್ತಹೀನತೆ, ಮದುವೆಗೆಂದು ಹಿಡಿದ ಉಪವಾಸ ಇವುಗಳಲ್ಲಿ ಯಾವುದಾದರೂ ಕಾರಣವಿದೆಯೆ ಎಂದು ಮೊದಲು ನೋಡಿಸಿಕೊಳ್ಳಿ. ಹಾಗೇನೂ ಇಲ್ಲದೆ ಹಾಕಿಸಿಕೊಳ್ಳಲೇಬೇಕೆಂದರೆ ಹಯಲುರಾನಿಕ್ ಆಸಿಡನ್ನು ಮದುವೆಗೆ ಒಂದು ತಿಂಗಳಿರುವಾಗಲೇ ಹಾಕಿಸಿಕೊಂಡು ಮುಗಿಸಿ, ಏಕೆಂದರೆ ಬಾವು ಮತ್ತು ನೀಲಿ ಕಲೆ ಇಳಿಯಲು ಎರಡು ವಾರದವರೆಗೆ ಬೇಕಾಗಬಹುದು, ಏರುಪೇರು ಕಂಡರೆ ಸರಿಪಡಿಸಲು ಸಮಯವೂ ಉಳಿಯುತ್ತದೆ. ಹಲ್ಲಿನ ಕೆಲಸವಿದ್ದರೆ ಅದರ ಮುಂಚೆ ಮತ್ತು ನಂತರ ಎರಡೆರಡು ವಾರ ಬಿಡಿ. ತಲೆನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗುವ ರೂಢಿ ಇದ್ದರೆ ಒಂದು ವಾರ ಮೊದಲು ಬಿಟ್ಟರೆ ನೀಲಿಗಟ್ಟುವುದು ಕಡಿಮೆ. ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಆದರೆ ಅವರನ್ನು ಕೇಳದೆ ಬಿಡಬಾರದು. ಊಟದಲ್ಲಿ ಪಥ್ಯವೇನಿಲ್ಲ, ನಿಮ್ಮ ಊರಿನ ಮೆಣಸಿನಕಾಯಿ ಧಾರಾಳವಾಗಿ ತಿನ್ನಬಹುದು. ಚುಚ್ಚಿದ ಒಂದೆರಡು ದಿನ ಮಾತ್ರ ಅಂಗಡಿಗೆ ಹೋಗದಿರುವುದು ಒಳ್ಳೆಯದು, ಏಕೆಂದರೆ ಆ ಧೂಳಿಗೆ ಸೀನು, ಕಣ್ಣುರಿ ಬಂದು ಮೆಣಸಿನಕಾಯಿ ಮುಟ್ಟಿದ ಕೈಯಿಂದಲೇ ಮುಖ ಒರೆಸಿಕೊಳ್ಳುವುದು ಯಾರಿಗೂ ತಪ್ಪುವುದಿಲ್ಲ, ಸೂಜಿಯ ತೂತುಗಳು ಆಗ ಇನ್ನೂ ಹಸಿಯಾಗಿರುತ್ತವೆ.